ಕಣ್ಣಳತೆಯ ದೂರದಲ್ಲಿ ಆರು ಮನೆ

ಹುತ್ತೂರಿನ ಆಚೆ ಇರುವ ತಮ್ಮ ಹಿಪ್ಪುನೇರಳೆ ತೋಟದಲ್ಲಿ ಆರು ಪುಟ್ಟ ಮನೆಗಳಿಗೆ ಲೇಔಟ್ ಮಾಡಿಕೊಡಬೇಕು ಎಂದು ಕೇಳಿಕೊಂಡು ಅಕ್ಕ ತಮ್ಮ ಇಬ್ಬರು ನನ್ನ ಕಚೇರಿಗೆ ಬಂದರು. ಕೋಲಾರದ ಪೇಟೆಯೊಳಗೆ, ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ, ಮನೆಗಳ ನಕ್ಷೆ ಮಾಡಿಕೊಡುವ ಸಣ್ಣ ಕಚೇರಿ ನನ್ನದು. ಮಾತನಾಡಿದ್ದೆಲ್ಲ ತಮ್ಮ. ಟೊಮೆಟೊ ಮಂಡಿಗೆ ಗೂಡ್ಸ್ ಆಟೋ ಓಡಿಸುವವನು, ಮೂವತ್ತರ ಆಸುಪಾಸು. ಅಕ್ಕ ನನ್ನ ಮೇಜಿನ ಮೇಲಿದ್ದ ಹಳೆಯ ನಕ್ಷೆಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದಳು.

“ನಮ್ಮಕ್ಕಂಗೆ ಕಿವಿ ಕೇಳ್ಸಲ್ಲ ಮೇಡಂ, ಮಾತೂ ಬರಲ್ಲ. ನೀವು ನಂಗೆ ಹೇಳಿ, ನಾನು ಅವಳಿಗೆ ಹೇಳ್ತೀನಿ” ಅಂದ ತಮ್ಮ.

ಎಂಥ ಮನೆ ಬೇಕು ಎಂದು ಕೇಳಿದೆ. ಆಕೆಯ ಕೈಗಳು ಬಹಳ ಹೊತ್ತು ಆಡಿದವು. ಮುಖವೂ ಅದರ ಜೊತೆ ಆಡುತ್ತಿತ್ತು. ಎಲ್ಲ ಮುಗಿದ ಮೇಲೆ ತಮ್ಮ ನನ್ನ ಕಡೆ ತಿರುಗಿ, “ಸಣ್ಣ ಮನೆ ಆದ್ರೂ ಪರವಾಗಿಲ್ಲ ಅಂತಾಳೆ” ಅಂದ.

“ಅಷ್ಟು ಹೊತ್ತು ಹೇಳಿದ್ದು ಇಷ್ಟೇನಾ?”

ಅವನು ಕತ್ತು ಕೆರೆದುಕೊಂಡು ನಕ್ಕ. “ಇಲ್ಲ ಮೇಡಂ, ಜಾಸ್ತಿ ಹೇಳಿದ್ಲು.”

“ಹಾಗಾದ್ರೆ ಎಲ್ಲಾನೂ ಹೇಳಿ.”

ಆಮೇಲೆ ತಿಳಿದದ್ದು ಇದು. ಆಕೆ ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಚಿಕ್ಕಂದಿನಲ್ಲಿ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಜೊತೆಗೆ ಬೆಳೆದ ಗೆಳೆಯರು ಈಗ ಚದುರಿಹೋಗಿದ್ದರು. ಮಾಲೂರಿನಲ್ಲಿ ಒಬ್ಬ ಟೈಲರ್, ಮುಳಬಾಗಿಲಿನಲ್ಲಿ ಬಣ್ಣ ಬಳಿಯುವ ಕೆಲಸ ಮಾಡುವ ಗಂಡ ಹೆಂಡತಿ, ಉಳಿದವರು ವೇಮಗಲ್ ಸುತ್ತಲಿನ ಹಳ್ಳಿಗಳಲ್ಲಿ ಬಾಡಿಗೆಗೆ. ಒಂಟಿಯಾಗಿರುವವರೂ ಇದ್ದರು, ಮದುವೆಯಾದವರೂ ಇದ್ದರು. ಎಲ್ಲ ಸೇರಿ ಆರು ಸಂಸಾರ. ಶಿಫ್ಟ್ ಮುಗಿಸಿ ರೂಮಿಗೆ ಬಂದರೆ ಮಾತನಾಡಲು ಯಾರೂ ಇಲ್ಲ. ಫೋನಿನಲ್ಲಿ ಮುಖ ನೋಡಿಕೊಂಡು ಮಾತನಾಡಬಹುದು; ಆದರೆ ಒಂದು ಕೈ ಫೋನು ಹಿಡಿದರೆ ಉಳಿಯುವುದು ಒಂದೇ ಕೈ.

“ಅರ್ಧ ಬಾಯಿ ಮುಚ್ಕೊಂಡು ಮಾತಾಡ್ದಂಗೆ ಅಂತಾಳೆ” ಅಂದ ತಮ್ಮ. ಈ ಸಲ ಅವನು ಮೊಟಕು ಮಾಡಿರಲಿಲ್ಲ.

ಅಪ್ಪ ಮಾಡಿಕೊಟ್ಟ ಪಾಲಿನಲ್ಲಿ ಆಕೆಗೆ ಒಂದೂವರೆ ಎಕರೆ ಬಂದಿತ್ತು. ಅದರಲ್ಲಿ ಅರ್ಧವನ್ನು ಮನೆ ಕಟ್ಟಲು ಪರಿವರ್ತನೆ ಮಾಡಿಸಿಕೊಳ್ಳುವುದರಲ್ಲೇ ಅಕ್ಕ ತಮ್ಮ ಇಬ್ಬರೂ ಕಚೇರಿಗಳಿಗೆ ಅಲೆದು ಸಾಕಾಗಿದ್ದರು. ಉಳಿದರ್ಧ ತೋಟವಾಗಿಯೇ ಇರಬೇಕು, ತಮ್ಮನ ಹೆಂಡತಿ ಅಲ್ಲಿ ರೇಷ್ಮೆಹುಳು ಸಾಕುತ್ತಾಳೆ. ಆರು ಮನೆಗೆ ಈ ಜಾಗ ಧಾರಾಳ ಎಂದು ನನಗೆ ಮೊದಲ ದಿನ ಅನ್ನಿಸಿತ್ತು.

ಜಾಗ ನೋಡಿಕೊಂಡು ಬಂದು ನಾನು ಮಾಡಿದ ಮೊದಲ ನಕ್ಷೆ ಲಕ್ಷಣವಾಗಿತ್ತು. ನಡುವೆ ನೇರ ರಸ್ತೆ, ಆ ಕಡೆ ಮೂರು ಮನೆ, ಈ ಕಡೆ ಮೂರು. ಒಂದೊಂದು ಮನೆ ಹನ್ನೆರಡು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದ. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಬಚ್ಚಲು, ಮುಂದೆ ಜಗುಲಿ. ಸಾಲಾಗಿ ಕಟ್ಟಿದರೆ ನೀರಿನ ಪೈಪು, ಕೊಳಚೆಯ ಪೈಪು ಎಲ್ಲ ಒಂದೇ ಗೆರೆಯಲ್ಲಿ ಹೋಗುತ್ತವೆ. ಶೌಚಗುಂಡಿಯನ್ನು ಬೋರ್‌ವೆಲ್‌ನಿಂದ ಸಾಕಷ್ಟು ದೂರದಲ್ಲಿ, ಇಳಿಜಾರಿನ ಕೆಳಗೆ ಇಟ್ಟಿದ್ದೆ. ಪ್ರತಿ ಮನೆಗೂ ಮರ್ಯಾದೆಯಾಗಿ ಒಂದು ಕಾಂಪೌಂಡ್ ಗೋಡೆ.

ಕಾಗದದ ಮೇಲೆ ನೋಡಿ ಒಪ್ಪುವುದಕ್ಕಿಂತ ನೆಲದ ಮೇಲೆ ನೋಡಿ ಒಪ್ಪಲಿ ಎಂದು ಒಂದು ಭಾನುವಾರ ಎಲ್ಲರನ್ನೂ ಕರೆಸಿದೆವು. ನನ್ನ ಜೊತೆ ಬಹಳ ದಿನಗಳಿಂದ ಕೆಲಸ ಮಾಡುವ ಕೋಲಾರದ ಮೇಸ್ತ್ರಿ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ಅವನ ಮನೆಮಾತು ದಖ್ಖನಿ. ಬಂದವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ, “ಇದು ಬಾಗ್ಲು! ಇದು ಬಚ್ಲು!” ಎಂದು ಇನ್ನಷ್ಟು ಜೋರಾಗಿ ಕೂಗಿ ತೋರಿಸುತ್ತಿದ್ದ. ಅವರು ನಕ್ಕರು, ಅವನೂ ನಕ್ಕ. ಆಮೇಲೆ ಕೂಗುವುದನ್ನು ಬಿಟ್ಟು, ಇಲ್ಲದ ಬಾಗಿಲನ್ನು ತೆರೆದು ಒಳಗೆ ನಡೆದು, ಇಲ್ಲದ ನಲ್ಲಿ ತಿರುಗಿಸಿ ತೋರಿಸಿದ. ಅದು ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು.

ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಅವರು ಎಲ್ಲೇ ನಿಂತರೂ ಸುತ್ತಾಗಿ ನಿಲ್ಲುತ್ತಿದ್ದರು. ಇನ್ನೊಬ್ಬರು ಬಂದರೆ ಸುತ್ತು ತಾನಾಗಿ ಹಿಗ್ಗುತ್ತಿತ್ತು. ಯಾರ ಬೆನ್ನೂ ಯಾರ ಮುಂದೆಯೂ ಬರುತ್ತಿರಲಿಲ್ಲ. ಆದರೆ ನನ್ನ ಸುಣ್ಣದ ಗೆರೆಗಳ ಒಳಗೆ ಹೋದ ಕೂಡಲೇ ಆ ಸುತ್ತು ಮುರಿಯಿತು. ಟೈಲರ್ ಮತ್ತು ಅವನ ಗೆಳೆಯ ಮನೆಗಳ ನಡುವಿನ ಕಾಲುದಾರಿಯಲ್ಲಿ ಮಾತನಾಡುತ್ತ ನಡೆದರು. ಅವರು ನಡೆಯುವಾಗಲೂ ಒಬ್ಬರ ಮುಖ ಒಬ್ಬರು ನೋಡಬೇಕು, ಹಾಗಾಗಿ ಪಕ್ಕಪಕ್ಕಕ್ಕೆ ಇಬ್ಬರ ನಡುವೆ ಜಾಗ ಬಿಟ್ಟೇ ನಡೆಯಬೇಕು. ದಾರಿ ಸಾಲದೆ ಟೈಲರ್ ದಾರಕ್ಕೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದ. ಮುಳಬಾಗಿಲಿನ ಹೆಂಗಸು ತನ್ನ ಅಡುಗೆ ಮೂಲೆಯಲ್ಲಿ ನಿಂತು ಎದುರು ಸಾಲಿನ ಗೆಳತಿಗೆ ಏನೋ ಹೇಳಲು ಕೈ ಎತ್ತಿದಳು. ಅಲ್ಲಿ ಕಾಂಪೌಂಡ್ ಬರುತ್ತದೆ ಎಂದು ಮೇಸ್ತ್ರಿ ತನ್ನ ಎದೆಯ ಎತ್ತರಕ್ಕೆ ಕೈ ಹಿಡಿದು ತೋರಿಸಿದ. ಆಕೆ ಕೈ ಇಳಿಸಿದಳು.

ಜಮೀನಿನ ಒಡತಿ ನನ್ನ ಹತ್ತಿರ ಬಂದಳು. ತಮ್ಮ ಪಕ್ಕದಲ್ಲಿ ನಿಂತು ಹೇಳಿದ:

“ನಿಮ್ಮ ಕೆಲ್ಸ ಚೆನ್ನಾಗೈತೆ, ಆದ್ರೆ ಈಗಿರೋ ರೂಮುಗಳ ಸಾಲೂ ಹಿಂಗೇ ಐತೆ ಅಂತಾಳೆ ಮೇಡಂ. ಗೋಡೆಯಿಂದಾಚೆ ಯಾರವ್ರೆ ಅಂತ ಗೊತ್ತಾಗಲ್ಲ. ಇದಕ್ಕೆ ಅಷ್ಟು ದೂರದಿಂದ ಯಾಕೆ ಬರ್ಬೇಕು ಅಂತ.”

ನನಗೆ ಸ್ವಲ್ಪ ಪೆಚ್ಚಾಯಿತು. ಆದರೆ ಹಾಗಾದರೆ ಹೇಗಿರಬೇಕು ಎಂದು ಕೇಳಿದಾಗ ಅವರಿಗೂ ಹೇಳಲು ಬರಲಿಲ್ಲ. ತಮಗೆ ಬೇಕಾದ ಹಾಗೆ ಕಟ್ಟಿದ ಮನೆಯನ್ನು ಅವರು ಯಾರೂ ಎಲ್ಲೂ ನೋಡಿರಲಿಲ್ಲ. ಒಟ್ಟಿಗೇ ಹುಡುಕಬೇಕಾಯಿತು.

ಅದೇ ದಿನ ಮಧ್ಯಾಹ್ನ ಮುದ್ದೆ ಊಟ ಮುಗಿಸಿ ಒಂದು ಪರೀಕ್ಷೆ ಶುರು ಮಾಡಿದೆವು. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮಾತನಾಡುತ್ತ ಮಾತನಾಡುತ್ತ ಹಿಂದಕ್ಕೆ ಸರಿಯಿರಿ ಅಂದೆ. ಕೈ ಎಷ್ಟೋ ದೂರದವರೆಗೂ ಕಾಣುತ್ತದೆ. ಆದರೆ ಹುಬ್ಬು, ತುಟಿ, ಕೆನ್ನೆ ಕಾಣದಿದ್ದರೆ ಮಾತಿನ ಅರ್ಧ ಹೋಗುತ್ತದೆ. ತಮಾಷೆಗೆ ಹೇಳಿದ್ದು ಬೈದ ಹಾಗೆ ಆಗುತ್ತದೆ ಎಂದು ಟೈಲರ್ ಅಭಿನಯಿಸಿ ತೋರಿಸಿದ. ಸುಮಾರು ಅರವತ್ತು ಅಡಿ ದಾಟಿದರೆ ಕಷ್ಟವಾಗುತ್ತಿತ್ತು. ನಡುವಿನ ಅಂಗಳ ಅದಕ್ಕಿಂತ ದೊಡ್ಡದಾಗಬಾರದು ಎಂದು ಗುರುತು ಹಾಕಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಂದು ವಿಷಯ ಗೊತ್ತಾಯಿತು. ಪಶ್ಚಿಮಕ್ಕೆ ನಿಂತವರ ಬೆನ್ನ ಹಿಂದೆ ಸೂರ್ಯ ಬಂದಾಗ ಅವರ ಕೈ, ಮುಖ ಎಲ್ಲ ಕಪ್ಪು ನೆರಳಾಯಿತು. ಎದುರಿಗಿದ್ದವರು ಕಣ್ಣಿಗೆ ಕೈ ಅಡ್ಡ ಹಿಡಿದರು. ಅಡ್ಡ ಹಿಡಿದ ಕೈಯಲ್ಲಿ ಉತ್ತರ ಕೊಡಲಾಗುವುದಿಲ್ಲ. ಶಿಫ್ಟ್ ಮುಗಿಸಿ ಎಲ್ಲರೂ ಮನೆ ಸೇರುವುದು ಆ ಹೊತ್ತಿಗೇ. ಆದ್ದರಿಂದ ಮನೆಗಳು ಅಂಗಳದ ಪೂರ್ವ ಪಶ್ಚಿಮಕ್ಕೆ ಬರಬಾರದು, ಉತ್ತರ ದಕ್ಷಿಣಕ್ಕೆ ಬರಬೇಕು. ದಕ್ಷಿಣದ ಬಾಗಿಲು ಆಗದು ಎಂದು ಒಂದು ಮನೆಯ ಹಿರಿಯರು ತಕರಾರು ತೆಗೆದರು. ಬಾಗಿಲನ್ನು ಜಗುಲಿಯ ಪಕ್ಕಕ್ಕೆ, ಪೂರ್ವಕ್ಕೆ ತಿರುಗಿಸಿ, ಅಡುಗೆ ಕಿಟಕಿಯನ್ನು ಮಾತ್ರ ಅಂಗಳದ ಕಡೆಗೇ ಉಳಿಸಿಕೊಂಡೆ.

ಎರಡನೆಯ ನಕ್ಷೆಯಲ್ಲಿ ಕಾಂಪೌಂಡ್‌ಗಳು ಇರಲಿಲ್ಲ. ಮೊಟ್ಟೆಯ ಆಕಾರದ ಅಂಗಳ, ಉತ್ತರಕ್ಕೆ ಮೂರು ಮನೆ, ದಕ್ಷಿಣಕ್ಕೆ ಮೂರು. ಪ್ರತಿ ಕಿಟಕಿಯಿಂದ ಉಳಿದ ಐದು ಕಿಟಕಿಗಳಿಗೆ ಗೆರೆ ಎಳೆದು, ಯಾವ ಗೆರೆಗೂ ಗೋಡೆಯಾಗಲಿ ನೀರಿನ ಟ್ಯಾಂಕಾಗಲಿ ಅಡ್ಡ ಬರದ ಹಾಗೆ ನೋಡಿಕೊಂಡೆ. ಅದನ್ನು ಒಡತಿಗೆ ತೋರಿಸಿದೆ. ಆಕೆ ನಕ್ಷೆಯ ಮೇಲೆ ಒಂದು ಮನೆಯಿಂದ ಇನ್ನೊಂದು ಮನೆಗೆ ಬೆರಳು ಓಡಿಸುತ್ತ ಹೋದಳು. ಆರೂ ಮನೆ ಮುಟ್ಟುವವರೆಗೆ ಬೆರಳು ಎತ್ತಲಿಲ್ಲ.

ಇನ್ನು ಬಾಕಿ ಇದ್ದದ್ದು ದಾರಿ. ರಸ್ತೆಯಿಂದ ಈ ಜಮೀನಿಗೆ ಬರುವ ದಾರಿ ಅವರ ದೊಡ್ಡಪ್ಪನ ಹೊಲದ ಅಂಚಿನಲ್ಲಿ ಹಾದು ಬರುತ್ತದೆ. ಒಂದು ಎತ್ತಿನ ಗಾಡಿ ಹೋಗುವಷ್ಟು ಅಗಲ. ಅದು ಅಗಲವಾಗದೆ ಲೇಔಟ್‌ಗೆ ಮಂಜೂರಾತಿ ಸಿಗುವುದಿಲ್ಲ. ಆಂಬುಲೆನ್ಸ್, ಬೆಂಕಿ ಆರಿಸುವ ಗಾಡಿ ಬರುವಷ್ಟು ಜಾಗ ಬೇಕೇ ಬೇಕು. ದೊಡ್ಡಪ್ಪ ಒಪ್ಪಿ ಸ್ವಲ್ಪ ಜಾಗ ಬಿಟ್ಟುಕೊಡಬೇಕಿತ್ತು.

ದೊಡ್ಡಪ್ಪನಿಗೆ ಅರವತ್ತೈದು ದಾಟಿತ್ತು. ಟೊಮೆಟೊ ಬೆಳೆಯುವವರು, ಗಟ್ಟಿ ಆಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಬೇಜಾರಾದಾಗ ಎರಡೂ ಬೆರೆಯುತ್ತಿದ್ದವು. ನಾವು ಮೂವರು ಹೋದಾಗ ಅವರು ಮೋಟರ್ ಶೆಡ್ಡಿನ ನೆರಳಲ್ಲಿ ಕೂತಿದ್ದರು. ಕೂರಿಸಿ ನೀರು ಕೊಟ್ಟರು. ವಿಷಯ ಹೇಳಿದ ಮೇಲೆ, “ವದ್ದಮ್ಮಾ, ಬ್ಯಾಡ” ಅಂದರು.

“ಜಾಗಕ್ಕೋಸ್ಕರ ಅಲ್ಲಮ್ಮಾ. ಒಬ್ರಿಗಾದ್ರೂ ಕಿವಿ ಕೇಳ್ಸೋದಿದ್ರೆ ನಾನು ಬ್ಯಾಡ ಅಂತಿರ್ಲಿಲ್ಲ. ಅಷ್ಟೂ ಜನಾನೂ ಹಂಗೇ. ಗ್ಯಾಸ್ ಹತ್ಕೊಂಡ್ರೆ? ಕಳ್ಳ ಬಂದ್ರೆ? ಊರಿಂದಾಚೆ ಹೊಲದಾಗೆ ಬಿಟ್ಟು ನಾನು ನಿದ್ದೆ ಮಾಡ್ಲಾ?” ಆಮೇಲೆ ತಮ್ಮನ ಕಡೆ ತಿರುಗಿ, “ಅವಳಿಗೇನ್ಲಾ ಗೊತ್ತಾಯ್ತದೆ? ನೀನಾದ್ರೂ ಬುದ್ಧಿ ಹೇಳ್ಬಾರ್ದಾ?” ಅಂದರು.

ಆಕೆ ಎದುರಿಗೇ ಕೂತಿದ್ದಳು. ಅವರ ಮುಖವನ್ನೇ ನೋಡುತ್ತಿದ್ದಳು. ತಮ್ಮ ಈ ಕೊನೆಯ ಮಾತನ್ನು ಕೈಯಲ್ಲಿ ಹೇಳಲಿಲ್ಲ, ಆದರೆ ಅದು ಆಕೆಗೆ ತಿಳಿಯದೆ ಹೋಗಲಿಲ್ಲ. ವಾಪಸು ಬರುವಾಗ ದೊಡ್ಡಪ್ಪನಿಗೂ ಆಕೆಗೂ ಮಾತು ಹೇಗೆ ನಡೆಯುತ್ತದೆ ಎಂದು ತಮ್ಮನನ್ನು ಕೇಳಿದೆ. ಊಟ ಮಾಡು, ಮಲಗು, ಬಾ, ಹೋಗು, ಇಷ್ಟಕ್ಕೆ ಮನೆಯಲ್ಲಿ ಸನ್ನೆ ಇದ್ದವಂತೆ. ಅದಕ್ಕಿಂತ ಹೆಚ್ಚು ಅವರಿಬ್ಬರೂ ಎಂದೂ ಮಾತನಾಡಿರಲಿಲ್ಲ.

ದಾರಿಯ ವಿಷಯ ಹಾಗೇ ನಿಂತಿರುವಾಗ ಮಳೆ ಬಂತು. ಜೋರು ಮಳೆ. ಮಾರನೆಯ ದಿನ ತಮ್ಮ ಫೋನ್ ಮಾಡಿ, “ಮೇಡಂ, ನಮ್ಮ ಅಂಗಳ ಕುಂಟೆ ಆಗ್ಬಿಟ್ಟೈತೆ, ಬನ್ನಿ” ಅಂದ. ಹೋಗಿ ನೋಡಿದರೆ ನಾವು ಹೊಡೆದಿದ್ದ ದಕ್ಷಿಣದ ಗೂಟಗಳು ನೀರಿನಲ್ಲಿ ನಿಂತಿದ್ದವು. ನಾನು ಮೊದಲು ಮಟ್ಟ ನೋಡಿದಾಗ ಈ ನೀರು ಇರಲಿಲ್ಲ. ಆ ನಡುವೆ ದೊಡ್ಡಪ್ಪ ಮೇಲಿನ ಹೊಲವನ್ನು ಟ್ರ್ಯಾಕ್ಟರಿನಲ್ಲಿ ಸಮ ಮಾಡಿಸಿ, ಟೊಮೆಟೊ ಸಾಲುಗಳನ್ನು ಹಾಕಿಸಿದ್ದರು. ಮೊದಲು ಎರಡು ಮೂರು ಕಡೆ ಹಂಚಿ ಹರಿದು ಕೆರೆ ಸೇರುತ್ತಿದ್ದ ನೀರೆಲ್ಲ ಈಗ ಒಂದೇ ಮೂಲೆಯಿಂದ ನಮ್ಮ ಅಂಗಳಕ್ಕೆ ನುಗ್ಗುತ್ತಿತ್ತು.

ತಮ್ಮನಿಗೆ ಸಿಟ್ಟು ಬಂದಿತ್ತು. “ದಾರೀನೂ ಬಿಡಲ್ಲ, ನೀರು ಬೇರೆ ಬಿಡ್ತಾರೆ. ಗಡಿ ಉದ್ದಕ್ಕೂ ಕಲ್ಲು ಗೋಡೆ ಹಾಕ್ಬಿಡೋಣ ಮೇಡಂ. ಅವರ ನೀರು ಅವರ ಹೊಲದಾಗೇ ನಿಲ್ಲಲಿ.”

ನನಗೂ ಅದೇ ಸುಲಭ ಅನ್ನಿಸಿತು. ಗೋಡೆ ಬಂದರೆ ನಕ್ಷೆ ಉಳಿಯುತ್ತದೆ. ಅಷ್ಟು ಚೆನ್ನಾಗಿ ಕೂಡಿಬಂದ ನಕ್ಷೆಯನ್ನು ಬಿಡಲು ಮನಸ್ಸಿರಲಿಲ್ಲ. ಕಚೇರಿಗೆ ಬಂದು ಗೋಡೆಯ ಚಿತ್ರವನ್ನೂ ಬರೆದೆ. ಮುಂದಿನ ಸಲ ಅಕ್ಕ ಬಂದಾಗ ಅದನ್ನು ತೋರಿಸಿದೆ. ಆಕೆ ಗೋಡೆಯ ಎತ್ತರ ಎಷ್ಟು ಎಂದು ಕೇಳಿದಳು. ನೀರಿನ ರಭಸ ತಡೆಯಬೇಕಾದರೆ ಆಳು ಮಟ್ಟ ಬೇಕು ಅಂದೆ. ಆಕೆ ತಲೆ ಅಲ್ಲಾಡಿಸಿದಳು.

“ಗೋಡೆ ಕಟ್ಟಿದ್ರೆ ದೊಡ್ಡಪ್ಪ ಕಾಣಲ್ಲ ಅಂತಾಳೆ” ಅಂದ ತಮ್ಮ. ಅವನಿಗೆ ಅದು ಹಿಡಿಸಲಿಲ್ಲ. “ಅವರು ಕಾಣ್ದಿದ್ರೆ ಏನಂತೆ?” ಎಂದು ಬಾಯಲ್ಲೂ ಕೈಯಲ್ಲೂ ಕೇಳಿದ.

ಅದಕ್ಕೆ ಆಕೆ ಕೊಟ್ಟ ಉತ್ತರ ಚಿಕ್ಕದಾಗಿತ್ತು. ತಮ್ಮ ಅದನ್ನು ಹೇಳಿದ: “ಅವ್ರಿಗೂ ವಯಸ್ಸಾಯ್ತು, ಮೋಟರ್ ಶೆಡ್ಡಲ್ಲಿ ಒಬ್ರೇ ಇರ್ತಾರೆ, ನಾವು ನೋಡ್ತಾ ಇರ್ಬೇಕು ಅಂತಾಳೆ.”

ಗೋಡೆಯ ಚಿತ್ರವನ್ನು ನಾನು ಮಡಿಸಿ ಪಕ್ಕಕ್ಕಿಟ್ಟೆ. ಗೋಡೆ ಬೇಡ ಅಂದಮೇಲೆ ನೀರಿಗೆ ದಾರಿ ಕೊಡಬೇಕು. ನೀರಿಗೆ ದಾರಿ ಕೊಟ್ಟರೆ ದಕ್ಷಿಣದ ಮೂರು ಮನೆ ಅಲ್ಲಿರುವಂತಿಲ್ಲ. ಆ ನಕ್ಷೆಯನ್ನು ಪೂರ್ತಿ ಬಿಟ್ಟು ಹೊಸದಾಗಿ ಶುರು ಮಾಡೋಣ ಎಂದು ಅವತ್ತೇ ತೀರ್ಮಾನಿಸಿದೆ. ಈ ಕೆಲಸದಲ್ಲಿ ನಾನು ತೆಗೆದುಕೊಂಡ ದೊಡ್ಡ ತೀರ್ಮಾನ ಅದೇ.

ದೊಡ್ಡಪ್ಪನ ಅಪ್ಪಣೆ ಕೇಳಿ, ಮೇಸ್ತ್ರಿಯ ಜೊತೆ ಲೆವೆಲ್ ಪೈಪು ಹಿಡಿದು ಗಡಿಯ ಎರಡೂ ಕಡೆ ಮಟ್ಟ ನೋಡುತ್ತ ಹೋದೆ. ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವುದರಿಂದ ನೆಲದ ಏರಿಳಿತ ತಿಳಿಯುತ್ತದೆ. ಆಗ ಕಂಡಿತು, ಆ ಮೂಲೆಯಲ್ಲಿ ದೊಡ್ಡಪ್ಪನ ಕಡೆಯೂ ನೀರು ನಿಂತು ಕೆಳಗಿನ ಸಾಲುಗಳ ಟೊಮೆಟೊ ಗಿಡ ಬುಡದಲ್ಲೇ ಕೊಳೆಯಲು ಶುರುವಾಗಿತ್ತು. ನಮ್ಮ ಬದು ಅಡ್ಡವಿದ್ದುದರಿಂದ ನೀರು ಬೇಗ ಇಳಿಯುತ್ತಿರಲಿಲ್ಲ. ನಮಗೆ ಅವರ ಹೊಲದಲ್ಲಿ ದಾರಿ ಬೇಕಿತ್ತು. ಅವರ ನೀರಿಗೆ ನಮ್ಮ ಜಮೀನಿನಲ್ಲಿ ದಾರಿ ಬೇಕಿತ್ತು.

ಮೂರನೆಯ ನಕ್ಷೆಯಲ್ಲಿ ತಗ್ಗಿನ ದಕ್ಷಿಣ ಭಾಗವನ್ನು ನೀರಿಗೆ ಬಿಟ್ಟೆ. ಅಗಲವಾದ, ಆಳವಿಲ್ಲದ, ಹುಲ್ಲು ಬೆಳೆಸಿದ ಕಾಲುವೆ. ಮಳೆಗಾಲದಲ್ಲಿ ನೀರು ಹರಿಯುತ್ತದೆ, ಉಳಿದ ದಿನ ಅದರ ಮೇಲೆ ನಡೆದಾಡಬಹುದು, ಕಣ್ಣಿಗೂ ಅಡ್ಡ ಬರುವುದಿಲ್ಲ. ಮನೆಗಳೆಲ್ಲ ಉತ್ತರದ ದಿಬ್ಬದ ಮೇಲೆ, ಬಿಲ್ಲಿನ ಹಾಗೆ ಬಾಗಿದ ಗೆರೆಯಲ್ಲಿ. ಬಾಗು ಇರುವುದರಿಂದ ಯಾವ ಜಗುಲಿಯಲ್ಲಿ ನಿಂತರೂ ಉಳಿದ ಜಗುಲಿಗಳು ಕಾಣುತ್ತವೆ. ತೊಂದರೆ ಒಂದೇ: ದಿಬ್ಬ ಚಿಕ್ಕದು, ಆ ಗೆರೆಯಲ್ಲಿ ಐದು ಮನೆ ಮಾತ್ರ ಕೂತವು. ಆರನೆಯದು ರೇಷ್ಮೆಹುಳು ಸಾಕುವ ಶೆಡ್ಡಿನ ಹಿಂದೆ ಹೋಗುತ್ತಿತ್ತು. ಅಲ್ಲಿಂದ ಯಾರೂ ಕಾಣುವುದಿಲ್ಲ.

ಅದನ್ನು ತೋರಿಸಿದ ಭಾನುವಾರ ಅವರ ಜಗಳ ನೋಡಿದೆ. ಆರನೆಯ ಮನೆ ನನಗೇ ಇರಲಿ ಎಂದು ಒಡತಿ ಹೇಳಿದಳು. ಉಳಿದವರು ಒಪ್ಪಲಿಲ್ಲ. ಕೈಗಳು ಪಟಪಟ ಆಡಿದವು, ಅಂಗೈಗೆ ಅಂಗೈ ಬಡಿದ ಸದ್ದು ಬದುವಿನವರೆಗೂ ಕೇಳಿಸುತ್ತಿತ್ತು. ಟೈಲರ್ ನಾನು ಬರುವುದೇ ಇಲ್ಲ, ಮಾಲೂರಿನಲ್ಲೇ ಇರುತ್ತೇನೆ ಎಂದು ಹೇಳಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟ. ಕಣ್ಣು ಮುಚ್ಚಿದವನ ಹತ್ತಿರ ವಾದ ಮಾಡುವುದಕ್ಕೆ ಆಗುವುದಿಲ್ಲ. ಒಡತಿ ಅವನ ತೋಳು ಹಿಡಿದು ಅಲುಗಿಸಿದಳು. ಅವನು ಕಣ್ಣು ಬಿಡಲಿಲ್ಲ. ಮುಚ್ಚಿದ ರೆಪ್ಪೆಯಿಂದಲೇ ನೀರು ಇಳಿಯಿತು.

ಅವರು ಹೊರಟುಹೋದ ಮೇಲೂ ನಾನು ಅಲ್ಲೇ ಕೂತೆ. ಹಿಪ್ಪುನೇರಳೆಯ ಸಾಲನ್ನು ಕಿತ್ತರೆ ತಮ್ಮನ ಹೆಂಡತಿಯ ಹುಳಕ್ಕೆ ಸೊಪ್ಪು ಸಾಲುವುದಿಲ್ಲ. ಮನೆಗಳನ್ನು ಇನ್ನೂ ಸಣ್ಣದು ಮಾಡಿದರೆ ಮಂಚ ಹಿಡಿಸುವುದಿಲ್ಲ. ಕೊನೆಗೆ ಮನೆ ಮನೆಯ ನಡುವೆ ಬಿಟ್ಟಿದ್ದ ಸಂದಿಗಳ ಮೇಲೆ ಕಣ್ಣು ಹೋಯಿತು. ಐದು ಮನೆಗಳ ನಡುವೆ ನಾಲ್ಕು ಸಂದಿ. ಅಲ್ಲಿ ಗಾಳಿ ಬೆಳಕು ಬರಬೇಕು, ಸರಿ. ಆದರೆ ಎರಡೆರಡು ಮನೆಯನ್ನು ಒಂದೇ ನಡುಗೋಡೆಗೆ ಅಂಟಿಸಿದರೆ? ಮೂರು ಜೋಡಿ, ಎರಡೇ ಸಂದಿ. ಬಚ್ಚಲುಗಳನ್ನು ಹಿಂದಕ್ಕೆ ತಳ್ಳಿ ಅಗಲದಲ್ಲಿ ಒಂದೊಂದು ಅಡಿ ಉಳಿಸಿದೆ. ಜೊತೆಗಿದ್ದ ಮೇಸ್ತ್ರಿ ಟೇಪು ಹಿಡಿದು ಗೆರೆಯ ಉದ್ದಕ್ಕೂ ಎರಡು ಸಲ ಅಳೆದ. ಆರು ಮನೆಯೂ ಕೂತವು. “ಆ ಗಿಯಾ ಮೇಡಂ, ಬಂತು!” ಎಂದು ಅವನು ಕೂಗಿದ.

ಹೊಸ ನಕ್ಷೆಯನ್ನು ದೊಡ್ಡಪ್ಪನಿಗೆ ನಾನು ವಿವರಿಸುತ್ತೇನೆ ಅಂದೆ. ಅಕ್ಕ ಬೇಡ ಅಂದಳು. ತಾನೇ ಹೇಳುತ್ತೇನೆ, ತಮ್ಮನೂ ನಡುವೆ ಬರಬಾರದು ಅಂದಳು. “ನೀವು ಅವ್ಳಿಗೆ ಹೇಳಿ ಮೇಡಂ, ಆಗಲ್ಲ ಇದು” ಎಂದು ತಮ್ಮ ಗೊಣಗಿದ. ನಾನು ಅವನನ್ನು ಟೀ ತರಲು ಊರೊಳಗೆ ಕಳಿಸಿದೆ.

ಮೋಟರ್ ಶೆಡ್ಡಿನ ಮುಂದೆ ಆಕೆ ಮಣ್ಣು ಗುಡ್ಡೆ ಹಾಕಿ, ಅಂಗೈಯಲ್ಲಿ ಸವರಿ, ಎರಡು ಜಮೀನುಗಳ ಇಳಿಜಾರು ಮಾಡಿದಳು. ಸಣ್ಣ ಕಡ್ಡಿಗಳನ್ನು ಚುಚ್ಚಿ ಟೊಮೆಟೊ ಸಾಲು ಮಾಡಿದಳು. ಆರು ಇಟ್ಟಿಗೆ ಚೂರುಗಳನ್ನು ದಿಬ್ಬದ ಮೇಲೆ ಬಾಗಿಸಿ ಇಟ್ಟಳು. ದೊಡ್ಡಪ್ಪ ನಿಂತೇ ನೋಡುತ್ತಿದ್ದರು. “ಇದೇನಮ್ಮಾ ಮಕ್ಕಳಾಟ?” ಎಂದು ನನ್ನನ್ನು ಕೇಳಿದರು. ನಾನು ಸುಮ್ಮನೆ ಆಕೆಯ ಕಡೆ ತೋರಿಸಿದೆ.

ಆಕೆ ಚೊಂಬಿನಿಂದ ಮೇಲಿನ ಹೊಲಕ್ಕೆ ನೀರು ಸುರಿದಳು. ನೀರು ಇಳಿದು ಬಂದು ಮೂಲೆಯಲ್ಲಿ ನಿಂತಿತು, ಕಡ್ಡಿಗಳು ಒಂದೊಂದಾಗಿ ವಾಲಿದವು. ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತರು. ಆಕೆ ಬೆರಳಿನಿಂದ ತನ್ನ ಜಮೀನಿನೊಳಗೆ ಒಂದು ಕಾಲುವೆ ಎಳೆದಳು. ನಿಂತ ನೀರು ಅದರಲ್ಲಿ ಹರಿದು ಆಚೆ ಹೋಯಿತು. ಆಕೆ ಅವರ ಮುಖ ನೋಡಿ, ನೀರನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಕೈಯನ್ನು ಅವರ ಕಡೆ ಚಾಚಿದಳು. ನಿಮ್ಮ ನೀರಿಗೆ ನಾನು ಜಾಗ ಕೊಡುತ್ತೇನೆ. ಅದು ನನಗೂ ಅರ್ಥವಾಯಿತು.

ದೊಡ್ಡಪ್ಪ ಆಮೇಲೆ ಒಂದು ಕಡ್ಡಿ ತೆಗೆದುಕೊಂಡು ತಮ್ಮ ಹೊಲದ ಅಂಚಿನಲ್ಲಿ ಗೆರೆ ಎಳೆದರು, ರಸ್ತೆಯಿಂದ ಇಟ್ಟಿಗೆ ಚೂರುಗಳವರೆಗೆ. ಪಕ್ಕದಲ್ಲಿ ಇನ್ನೊಂದು ಗೆರೆ. ನಡುವೆ ಅಂಗೈ ಇಟ್ಟು, ಸಾಕಾ ಎಂದು ಹುಬ್ಬು ಎತ್ತಿದರು. ಆಕೆ ಅವರ ಅಂಗೈಯ ಪಕ್ಕದಲ್ಲಿ ತನ್ನ ಎರಡು ಬೆರಳು ಸೇರಿಸಿಟ್ಟಳು. ಅವರು ನಕ್ಕು, ಗೆರೆಯನ್ನು ಅಳಿಸಿ ಅಷ್ಟು ದೂರಕ್ಕೆ ಎಳೆದರು.

ಆದರೂ ಅವರ ಮುಖದಲ್ಲಿ ಅಳುಕು ಹೋಗಿರಲಿಲ್ಲ. ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿ ನಿದ್ದೆ ತೋರಿಸಿದರು. ಬೆರಳುಗಳನ್ನು ಮೇಲಕ್ಕೆ ಆಡಿಸಿ ಬೆಂಕಿ ತೋರಿಸಿದರು. ತಮ್ಮ ಎದೆ ಮುಟ್ಟಿಕೊಂಡು, ಎರಡೂ ಕೈ ಅಗಲ ಮಾಡಿದರು. ನಾನೇನು ಮಾಡಲಿ? ಆಕೆ ನನ್ನ ಕಡೆ ನೋಡಿದಳು.

“ಯಜಮಾನ್ರೇ, ಇಲ್ಲಿ ನಿಮ್ಮ ಶೆಡ್ಡಲ್ಲಿ ಒಂದು ಸ್ವಿಚ್ ಹಾಕಿಸ್ತೀನಿ” ಅಂದೆ. “ನೆಲದೊಳಗೆ ವೈರು ಎಳೆದು ಆರು ಮನೆಗೂ ಕೊಡೋದು. ನೀವು ಒತ್ತಿದ್ರೆ ಪ್ರತಿ ಮನೇಲೂ ಮಂಚದ ಮೇಲೆ, ಒಲೆ ಹತ್ರ, ಜಗುಲೀಲಿ ದೊಡ್ಡ ಲೈಟು ಹತ್ತಿ ಆರುತ್ತೆ. ಕರೆಂಟು ಹೋದ್ರೂ ಬ್ಯಾಟರಿ ಇರುತ್ತೆ.”

“ಅದು ಆಯ್ತದಾ?”

“ಆಗುತ್ತೆ.”

“ಸರಿ ಹಾಕ್ಸಮ್ಮಾ” ಅಂದರು. “ಆದ್ರೆ ನಾನು ಒತ್ತಿ ನೋಡಿದ್ಮೇಲೇನೇ ಇವ್ರು ಇಲ್ಲಿ ಮಲಗೋದು.”

ಮಂಜೂರಾತಿಗೆ ಮತ್ತೆ ಓಡಾಟ ಇದ್ದೇ ಇತ್ತು. ನಕ್ಷೆ ಒಂದು ಸಲ ವಾಪಸೂ ಬಂತು, ಕಾಲುವೆಯ ಅಳತೆ ಬೇರೆ ತೋರಿಸಿ ಎಂದು. ಮಳೆಗಾಲ ಮುಗಿದ ಮೇಲೆ ಮೊದಲು ಕಾಲುವೆ ತೋಡಿಸಿ, ಆ ಮೇಲೆ ಪಾಯ ಹಾಕಿಸಿದೆ. ಗೋಡೆಗಳಿಗೆ ಬಣ್ಣ ಹಚ್ಚಿದ್ದು ಮುಳಬಾಗಿಲಿನ ಗಂಡ ಹೆಂಡತಿ. ಕಣ್ಣಿಗೆ ಚುಚ್ಚುವ ಬಿಳಿ ಬೇಡ, ಕೈಗಳು ಎದ್ದು ಕಾಣಬೇಕು ಎಂದು ಮಾಸಲು ನೀಲಿ ಆರಿಸಿದರು. ಟೈಲರ್ ಮಾಲೂರಿನ ಅಂಗಡಿಯನ್ನು ಖಾಲಿ ಮಾಡಿಕೊಂಡು ಮೆಷಿನ್ ಸಮೇತ ತಮ್ಮನ ಗೂಡ್ಸ್ ಆಟೋದಲ್ಲಿ ಬಂದ.

ಎಲ್ಲರೂ ಸಾಮಾನು ತಂದು ಜೋಡಿಸುತ್ತಿದ್ದ ಸಂಜೆ ನಾನೂ ಅಲ್ಲಿದ್ದೆ. ಒಬ್ಬರು ಒಲೆ ಹಚ್ಚಿದ್ದರು, ಇನ್ನೊಬ್ಬರು ಜಗುಲಿಯಿಂದ ಜಗುಲಿಗೆ ಉಪ್ಪು ಕೇಳುತ್ತಿದ್ದರು. ಇದ್ದಕ್ಕಿದ್ದಂತೆ ಆರು ಮನೆಯ ದೀಪಗಳೂ ಹತ್ತಿ ಆರತೊಡಗಿದವು. ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬಂದರು. ಕಾಲುವೆ ದಾಟಿ ಮೋಟರ್ ಶೆಡ್ಡಿನ ಕಡೆ ಓಡಿದರು. ಅಕ್ಕ ಎಲ್ಲರಿಗಿಂತ ಮುಂದೆ ಇದ್ದಳು. ನಾನೂ ತಮ್ಮನೂ ಹಿಂದೆ ಓಡಿದೆವು.

ದೊಡ್ಡಪ್ಪ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಬೆಂಕಿ ಇರಲಿಲ್ಲ, ಹಾವೂ ಇರಲಿಲ್ಲ.

“ಏನಾಯ್ತು ದೊಡ್ಡಪ್ಪಾ?” ಎಂದು ತಮ್ಮ ಏದುಸಿರು ಬಿಡುತ್ತ ಕೇಳಿದ.

“ಏನೂ ಆಗಿಲ್ಲ ಕಣೋ.” ಅವರು ಎದುರಿಗೆ ನಿಂತಿದ್ದ ಆಕೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. “ಹುಟ್ಟಿದಾಗಿಂದ ಇವಳ್ನ ದೂರದಿಂದ ಕರೆಯೋಕೆ ಆಗಿರ್ಲಿಲ್ಲಮ್ಮಾ. ಹೊಲದಾಗೆ ಎಲ್ಲಿದ್ರೂ ನಡ್ಕೊಂಡ್ಹೋಗಿ ಭುಜ ಮುಟ್ಟಬೇಕಿತ್ತು. ಇವತ್ತು ಇಲ್ಲಿಂದ್ಲೇ ಕರೆದೆ. ಓಡಿ ಬಂದ್ಲು.”

ತಮ್ಮ ಅದನ್ನು ಅಕ್ಕನಿಗೆ ಹೇಳಿದ. ಒಂದು ಮಾತೂ ಬಿಡದೆ, ನಿಧಾನವಾಗಿ ಹೇಳಿದ. ಗೆಳೆಯರು ನಗುತ್ತ, ಬೈಯುತ್ತ, ಒಲೆಯ ಮೇಲಿಟ್ಟದ್ದು ನೆನಪಾಗಿ ಹಿಂದಕ್ಕೆ ಹೋದರು. ಆಕೆ ಮಾತ್ರ ನಿಂತಳು. ಅವರ ಬೆರಳನ್ನು ಹಿಡಿದು ಸ್ವಿಚ್ಚಿನ ಮೇಲೆ ಒಂದೇ ಒಂದು ಸಲ ಒತ್ತಿಸಿ, ಬಾ ಎಂದು ಕೈ ಮಾಡಿ ತೋರಿಸಿದಳು. ಮತ್ತೆ ಬಿಡದೆ ಒತ್ತಿಸಿ, ಬೆಂಕಿ ತೋರಿಸಿದಳು. ಒಂದು ಸಲ ಅಂದರೆ ಬಾ. ಬಿಡದೆ ಒತ್ತಿದರೆ ಅಪಾಯ.

ದೊಡ್ಡಪ್ಪ ತಲೆ ಆಡಿಸಿದರು. ಕಲಿತದ್ದು ಸರಿಯೇ ಎಂದು ನೋಡಲು, ಒಂದೇ ಒಂದು ಸಲ ಒತ್ತಿದರು. ಆಚೆ ಆರು ಜಗುಲಿಗಳಲ್ಲಿ ಬೆಳಕು ಬಂದು ಹೋಯಿತು. ಆಕೆ ಅವರ ಪಕ್ಕದಲ್ಲೇ ಇದ್ದಳು. ಆದರೂ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು, ಅಲ್ಲಿಂದ ನಡೆದು ಬಂದು ಅವರ ಎದುರು ನಿಂತಳು.